ಹಸ್ಮಕ್ಕನ ಕೊನೇ ಬೆಕ್ಕು

ನಮ್ಮ ತೈಪಿಂಗ್ ಊರಿನ ಮಳೆ ಎಂಥಾದ್ದು ಅಂದ್ರೆ, ಕಪ್ಪೆಗಳಿಗೇ ಶೀತ ಆಗಿ ಕ್ಲಿನಿಕ್ಕಿನ ಮುಂದೆ ಸಾಲು ನಿಂತಿದ್ದನ್ನ ನಾನು ಕಣ್ಣಾರೆ ನೋಡಿದೀನಿ. ನಂಬೋರು ನಂಬಿ. ಅಂಥಾ ಒಂದು ಮಳೇಲಿ ಹಸ್ಮಕ್ಕ ಕಮುಂಟಿಂಗ್ ರಸ್ತೆಯ ಲಾರಿ ಟೈರಿನ ಅಂಗಡಿ ಹಿಂದಿಂದ ಒಂದು ಬೂದು ಬೆಕ್ಕನ್ನ ಎತ್ಕೊಂಡು ಬಂದ್ಲು. ಅಲ್ಲಿ ಕೆಲಸಕ್ಕಿದ್ದೋರು ಟೈರಿಗೆ ಗಾಳಿ ತುಂಬೋ ಪೈಪ್ ಹಿಡ್ಕೊಂಡು ಅದನ್ನ ಅಟ್ಟಾಡಿಸ್ತಿದ್ರಂತೆ, ತಮಾಷೆಗೆ. ಹಸ್ಮಕ್ಕ ಅವರಿಗೆ ಬೈದಿದ್ದು ನಮ್ಮೂರ ಜೈಲಿನ ಗೋಡೆ ದಾಟಿ ಕೇಳಿಸ್ತಂತೆ. ಇದು ಸುಳ್ಳಲ್ಲ. ಇಪ್ಪತ್ತೆರಡು ವರ್ಷ ಶಾಲೆ ಕ್ಯಾಂಟೀನ್ ನಡೆಸಿದ ಗಂಟಲು ಅದು.

ಕ್ಯಾಂಟೀನ್ ಬಿಟ್ಟ ಮೇಲೆ ಅವಳು ಬಾಡಿಗೆ ಮನೆ ಹಿತ್ತಿಲಲ್ಲಿ ಬೆಕ್ಕು ಸಾಕೋದಕ್ಕೆ ಶುರು ಮಾಡಿದ್ಲು. ಸಾಕೋದು ಅಂದ್ರೆ ತನಗಲ್ಲ. ಬೀದೀಲಿ ಬಿದ್ದಿರೋದನ್ನ ತರೋದು, ಗುಣ ಮಾಡೋದು, ಒಳ್ಳೇ ಮನೆ ಹುಡುಕಿ ಕೊಡೋದು. ಹಳೇ ಕೋಳಿ ಗೂಡು, ಮುರಿದ ತೊಟ್ಟಿಲು, ಎಲ್ಲಾದ್ರಲ್ಲೂ ಬೆಕ್ಕು. ನಾನು ಅವಳ ವ್ಯಾನ್ ಓಡಿಸೋನು. ರೈಲ್ವೆ ಗಾರ್ಡ್ ಆಗಿ ರಿಟೈರ್ ಆದೋನಿಗೆ ಮನೇಲಿ ಏನು ಕೆಲಸ? ಒಂದ್ಸಲ ಹಳಿ ಮೇಲೆ ಬೆಕ್ಕೊಂದು ಮರಿ ಹಾಕ್ತಿದೆ ಅಂತ ನಾನು ಮೇಲ್ ಗಾಡಿ ನಿಲ್ಲಿಸಿದ್ದೆ. ಕೊನೇ ಮರಿ ಹುಟ್ಟೋ ಹೊತ್ತಿಗೆ ಮೊದಲನೇ ಮರಿ ಟಿಕೆಟ್ ತಗೊಂಡು ಬೋಗಿ ಹತ್ತಿತ್ತು.

ಇರಲಿ. ಮನೆ ಯಜಮಾನ ಮನೆ ಮಾರಿಬಿಟ್ಟ. "ರಂಜಾನ್ ಹಬ್ಬದ ಮೂರನೇ ದಿನ ಬೀಗದ ಕೈ ಕೊಟ್ಬಿಡಿ" ಅಂದ. ಹಸ್ಮಕ್ಕ ಹೋಗಬೇಕಾಗಿದ್ದು ತಂಗಿಯ ಫ್ಲ್ಯಾಟಿಗೆ. ಆ ತಂಗಿಗೆ ಬೆಕ್ಕಿನ ಕೂದಲು ಕಂಡ್ರೆ ಮುಖ ಊದುತ್ತೆ. ಅಂದ್ರೆ ಇಪ್ಪತ್ತಾರು ಬೆಕ್ಕಿಗೂ ಮನೆ ಸಿಗಬೇಕು. ಹಠ ಹಿಡಿದು ಇಪ್ಪತ್ತೈದಕ್ಕೆ ಹುಡುಕಿದ್ಲು. ಕುಂಟಂದು ಹೋಯ್ತು, ಒಕ್ಕಣ್ಣಂದು ಹೋಯ್ತು, ಬಾಲ ಇಲ್ಲದ್ದು ಮೊದಲೇ ಹೋಯ್ತು. ಉಳಿದಿದ್ದು ಆ ಬೂದು ಬೆಕ್ಕು. ಸದ್ದೇ ಇಲ್ಲ ಅಂತ ಅದಕ್ಕೆ ಸೆಪಿ, ಅಂದ್ರೆ ಮೌನ, ಅಂತ ಹೆಸರಿಟ್ಟಿದ್ಲು.

ಸೆಪಿಗೆ ಕಾಯಿಲೆ ಇಲ್ಲ, ಕಸಾಲೆ ಇಲ್ಲ. ನೋಡೋಕೆ ಸುಲ್ತಾನನ ಮನೆ ಬೆಕ್ಕಿನ ಥರ. ಆದ್ರೆ ಭಯ ಅಂದ್ರೆ ಭಯ. ಯಾರಾದ್ರೂ ಗೂಡಿನ ಹತ್ರ ಹೋಗಿ, ನಾವೆಲ್ಲ ಕರೆಯೋ ಹಂಗೆ "ಪ್ಸ್ ಪ್ಸ್ ಪ್ಸ್" ಅಂದ್ರೆ ಸಾಕು, ಮೂಲೆಗೆ ಹೋಗಿ ಗೋಡೆ ಕೆರೆಯೋದು. ಹಸ್ಮಕ್ಕ ದಿನಾ ಬೆಳಿಗ್ಗೆ ಮೀನು ಹಿಡ್ಕೊಂಡು ಅರ್ಧ ಗಂಟೆ ಪ್ಸ್ ಪ್ಸ್ ಅನ್ನೋಳು. ಎಂಟು ತಿಂಗಳು! ಒಂದು ದಿನ, ಒಂದೇ ಒಂದು ದಿನಾನೂ ಅದು ಅವಳ ಕೈ ಮೂಸಲಿಲ್ಲ.

"ಇದಕ್ಕೆ ನನ್ನ ಮೇಲೆ ಏನು ಸಿಟ್ಟು ದೆರಿ ಮಾಮ?" ಅಂತ ನನ್ನ ಕೇಳೋಳು.

"ನಿನ್ನ ಅಡುಗೆ ತಿಂದಿರಬೇಕು" ಅಂದೆ. ಅವತ್ತು ನನಗೆ ಚಾ ಸಿಗಲಿಲ್ಲ.

ಮೊದಲು ಒಪ್ಕೊಂಡಿದ್ದು ಜುಲ್ಹೈರಿ ಮೇಷ್ಟ್ರು. ತಾಳ್ಮೆ ಇರೋ ಮನುಷ್ಯ, ಗಣಿತ ಹೇಳ್ಕೊಡೋರು. ಕರ್ಕೊಂಡು ಹೋದ ದಿನ ಬೆಕ್ಕು ಬಟ್ಟೆ ಒಗೆಯೋ ಮಿಷನ್ ಹಿಂದೆ ಹೋಯ್ತು. ಹನ್ನೊಂದು ದಿನ ಅಲ್ಲೇ. ಮೇಷ್ಟ್ರು, ಅವರ ಹೆಂಡ್ತಿ, ಅತ್ತೆ ಎಲ್ಲಾ ಸರದಿ ಹಾಕ್ಕೊಂಡು ನೆಲದ ಮೇಲೆ ಮಲಗಿ ಪ್ಸ್ ಪ್ಸ್ ಅಂದ್ರು. ಮನೇಲಿ ಒಗೆದ ಬಟ್ಟೆ ಇಲ್ಲದೆ ಮೇಷ್ಟ್ರು ಬ್ಯಾಡ್ಮಿಂಟನ್ ಚಡ್ಡೀಲಿ ಶಾಲೆಗೆ ಹೋದ್ರು ಅಂತ ಊರೆಲ್ಲ ಮಾತು. ಸರಿ, ಆ ಮಾತು ಹಬ್ಬಿಸಿದ್ದು ನಾನೇ. ಹನ್ನೆರಡನೇ ದಿನ ಬೆಕ್ಕು ವಾಪಸ್.

ಆಮೇಲೆ ಕಾಪಿ ಅಂಗಡಿ ಇಟ್ಟಿದ್ದ ಆಸೆಂಗ್ ಅನ್ನೋನು. "ಇಲಿ ಹಿಡಿಯೋಕೆ ಒಂದು ಬೇಕಿತ್ತು" ಅಂದ. ಗಿರಾಕಿ ಒಬ್ಬ ಮೇಜಿನ ಕೆಳಗೆ ಬಗ್ಗಿ ಪ್ಸ್ ಪ್ಸ್ ಅಂದಿದ್ದೇ ತಡ, ಬೆಕ್ಕು ಲೋಟಗಳ ಮೇಲಿಂದ ಹಾರಿ ಸೂರಿನ ತಗಡಿಗೆ ಏರ್ತು. ಬೆಂಕಿ ಆರಿಸೋರು ಏಣಿ ತಂದು ಇಳಿಸಬೇಕಾಯ್ತು.

ಆಸೆಂಗ್ ಬುಟ್ಟಿ ವಾಪಸ್ ಕೊಡ್ತಾ, "ಹಸ್ಮಾ, ಇಲಿಗಳು ಈಗ ಇದನ್ನ ನೋಡಿ ನಗ್ತಿವೆ" ಅಂದ.

"ನಿನ್ನ ಕಾಪಿ ಕುಡಿದೂ ಬದುಕಿವೆಯಲ್ಲ, ನಗಲಿ ಬಿಡು" ಅಂದ್ಲು ಹಸ್ಮಕ್ಕ. ಬಾಯಿ ಜೋರು, ಆದ್ರೆ ವ್ಯಾನಿಗೆ ಬಂದು ಕೂತು ಬುಟ್ಟೀನ ತೊಡೆ ಮೇಲೆ ಇಟ್ಕೊಂಡು ಅದರ ಮುಚ್ಚಳ ಸವರ್ತಾ ಇದ್ಲು. ಮನೆ ಹತ್ರ ಬಂದಾಗ, "ಇದನ್ನ ಮತ್ತೆ ಬೀದಿಗೆ ಬಿಡೋ ಹಂಗಾದ್ರೆ ನಾನು ಇಷ್ಟು ವರ್ಷ ಮಾಡಿದ್ದು ಏನು, ಮಣ್ಣು?" ಅಂದ್ಲು.

ಉಪವಾಸದ ತಿಂಗಳಿಗೆ ಇನ್ನೊಂದು ವಾರ ಇತ್ತು. ಅವತ್ತು ಮಧ್ಯಾಹ್ನ ಪಕ್ಕದ ಬೀದಿಯ ಸೆನಾ ಅಜ್ಜಿ ಜಗಳಕ್ಕೆ ಬಂದ್ಲು. ಎಪ್ಪತ್ತೊಂಬತ್ತು ವರ್ಷ, ಬಾಯಲ್ಲಿ ಒಂದೇ ಒಂದು ಹಲ್ಲೂ ಇಲ್ಲ. ಇದ್ದ ಕಟ್ಟಿಸಿದ ಹಲ್ಲು ಹೋದ ವರ್ಷ ದೋಣೀಲಿ ಸೀನಿದಾಗ ನದಿಗೆ ಬಿತ್ತು. ಆಮೇಲೆ ಆ ನದೀಲಿ ಹಿಡಿದ ಒಂದು ಮೀನು ಪೂರ್ತಿ ಹಲ್ಲು ಬಿಟ್ಟು ನಕ್ಕಿತು ಅಂತ ಸಂತೇಲಿ ಹೇಳಿದೋರು ಯಾರು ಅಂತ ಕೇಳಬೇಡಿ.

"ಹಫ್ಮಾ! ನಿನ್ನ ಬೆಕ್ಕು ನನ್ನ ಒಣಮೀನು ತಿಂತು!" ಅಂತ ಕೂಗಿದ್ಲು.

"ಅಜ್ಜಿ, ನನ್ನ ಹತ್ರ ಉಳಿದಿರೋದೇ ಒಂದು. ಅದು ಗೂಡು ಬಿಟ್ಟು ಹೊರಗೆ ಬಂದ್ರೆ ನಾನೇ ಊರಿಗೆಲ್ಲ ಊಟ ಹಾಕಿಸ್ತೀನಿ."

"ಎಲ್ಲಿ, ತೋರಿಫು ಆ ಕಳ್ಳೀನ."

ಅಜ್ಜಿ ಗೂಡಿನ ಮುಂದೆ ಕೂತ್ಲು. ಎಲೆ ಅಡಿಕೆ ಕುಟ್ಟೋ ಸಣ್ಣ ಒರಳು ತೆಗೆದು ಟಕ್ ಟಕ್ ಅಂತ ಕುಟ್ಟಿದ್ಲು. ಆಮೇಲೆ ಬೆಕ್ಕನ್ನ ಕರೆದ್ಲು. ಹಲ್ಲಿಲ್ಲದ ಬಾಯಿಂದ ಬಂದಿದ್ದು "ಫು... ಫು... ಫು..." ಅಂತ, ಬಿಸಿ ಗಂಜಿ ಆರಿಸೋ ಹಂಗೆ. ಸೆಪಿ ತಲೆ ಎತ್ತಿತು. ಒಂದು ಹೆಜ್ಜೆ. ಇನ್ನೊಂದು. ಬಂದು ಅಜ್ಜಿ ಬೆರಳನ್ನ ಮೂಸಿ, ಅವಳು ಉಟ್ಟಿದ್ದ ಸರೋಂಗಿನ ಮಡಿಕೇಲಿ ಕೂತ್ಬಿಡ್ತು.

ಹಸ್ಮಕ್ಕ ಬಾಯಿ ತೆರೆದೋಳು ಮುಚ್ಚಲಿಲ್ಲ.

"ಇದೇನಾ ಹೆದರುಪುಕ್ಲಿ? ನಿನಗೆ ಬೆಕ್ಕು ಕರೆಯೋಕೇ ಬರಲ್ಲ ಕಣೇ" ಅಂತ ಹೇಳಿ ಅಜ್ಜಿ ಅದನ್ನ ಎತ್ಕೊಂಡು ಹೊರಟೇಬಿಟ್ಲು. ಹಸ್ಮಕ್ಕನಿಗೆ ಖುಷಿಯಾಗಬೇಕಿತ್ತು. ಆದ್ರೆ ಆ ತಿಂಗಳೆಲ್ಲ ಉಪ್ಪಿಲ್ಲದ ಮುಖ ಮಾಡ್ಕೊಂಡೇ ಸಾಮಾನು ಕಟ್ಟಿದ್ಲು. "ಎಂಟು ತಿಂಗಳು ಮೀನು ತಿನ್ನಿಸಿದ್ದು ನಾನು. ಅವಳೊಂದು ಫು ಅಂದಿದ್ದಕ್ಕೆ ಹೋಯ್ತಲ್ಲ!"

ಹಬ್ಬ ಬಂತು. ಮಾರನೇ ದಿನ ಬೆಳಿಗ್ಗೆ ಅಜ್ಜಿ ಹಸ್ಮಕ್ಕನಿಗೆ ಫೋನ್ ಮಾಡಿದ್ಲು. ಮಾತು ಸ್ಪಷ್ಟವಾಗಿತ್ತು, ಅದೇ ನಮಗೆ ವಿಚಿತ್ರ ಅನ್ನಿಸಬೇಕಿತ್ತು. "ಹಸ್ಮಾ, ನಿನ್ನ ಬೆಕ್ಕಿಗೆ ಹುಚ್ಚು ಹಿಡಿದಿದೆ. ನಿನ್ನೆಯಿಂದ ಬೀರು ಹಿಂದೆ ಸೇರ್ಕೊಂಡಿದೆ. ನನ್ನನ್ನೇ ಪರಚಿತು. ಬಂದು ಎತ್ಕೊಂಡು ಹೋಗು!"

ನಾಳೆ ಬೀಗದ ಕೈ ಕೊಡಬೇಕು. ಗೂಡುಗಳನ್ನೆಲ್ಲ ಗುಜರಿಯವನು ಒಯ್ದಾಗಿತ್ತು. ವ್ಯಾನಲ್ಲಿ ಹಸ್ಮಕ್ಕ ದಾರಿ ಉದ್ದಕ್ಕೂ ಬೈತಾ ಬಂದ್ಲು: ಬೆಕ್ಕಿಗೆ, ಅಜ್ಜಿಗೆ, ಮನೆ ಕೊಂಡೋನಿಗೆ, ನನ್ನ ಡ್ರೈವಿಂಗಿಗೆ.

ಅಜ್ಜಿ ಮನೇಲಿ ಹಬ್ಬದ ನೆಂಟರು. ಹೊಸ ಬಟ್ಟೆ ಹಾಕ್ಕೊಂಡು ಏಳೆಂಟು ಜನ ಬೀರು ಮುಂದೆ ಬೋರಲು ಮಲಗಿ ಪ್ಸ್ ಪ್ಸ್ ಪ್ಸ್ ಅಂತಿದ್ರು. ಅಜ್ಜಿ ನಕ್ಕಳು ನೋಡಿ, ಕಣ್ಣು ಕೋರೈಸ್ತು! ಮೂವತ್ತೆರಡು ಹಲ್ಲು. ಇಪೋ ಊರಲ್ಲಿರೋ ಮಗ ಹಬ್ಬಕ್ಕೆ ಅಂತ ಕಟ್ಟಿಸ್ಕೊಂಡು ಬಂದಿದ್ದ. "ಅಮ್ಮ ಈ ಸಲನಾದ್ರೂ ರೆಂದಾಂಗ್ ಮಾಂಸ ಅಗಿದು ತಿನ್ನಲಿ ಅಂತ" ಅಂದ ಅವನು, ಹೆಮ್ಮೆಯಿಂದ.

ಅಜ್ಜಿನೂ ಬಗ್ಗಿ ಕರೆದ್ಲು: "ಪ್ಸ್ಸ್ ಪ್ಸ್ಸ್ ಪ್ಸ್ಸ್!" ಹೊಸ ಹಲ್ಲಿನ ಸಂದಿಂದ ಏನು ಸೀಟಿ ಅಂತೀರಿ, ನನ್ನ ರೈಲ್ವೆ ಸೀಟಿ ಅದರ ಮುಂದೆ ಏನೂ ಅಲ್ಲ. ಬೀರು ಹಿಂದೆ ಉಗುರು ಕೆರೆಯೋ ಸದ್ದು.

ಹಸ್ಮಕ್ಕ ಹಂಗೇ ನಿಂತ್ಲು. ಮುಖ ಬಿಳಿಚಿಕೊಳ್ತು. "ಗಾಳಿ ಪೈಪ್" ಅಂದ್ಲು.

"ಏನಂದೆ?" ಅಂದೆ.

"ಟೈರ್ ಅಂಗಡಿ ಪೈಪ್, ದೆರಿ ಮಾಮ! ಅದರ ಸದ್ದು ಹೆಂಗಿರುತ್ತೆ ಹೇಳಿ?" ಆಮೇಲೆ ಕ್ಯಾಂಟೀನ್ ಗಂಟಲು ತೆಗೆದ್ಲು: "ಎಲ್ರೂ ಬಾಯಿ ಮುಚ್ಚಿ! ಒಬ್ಬರೂ ಪ್ಸ್ ಅನ್ನಬಾರದು! ಅಜ್ಜಿ, ಹಲ್ಲು ತೆಗೀರಿ!"

"ನೆಂಟರ ಮುಂದೆನಾ?"

"ತೆಗೀರಿ ಅಂದೆ!"

ಮಗ, "ಅಮ್ಮ, ಬೇಡ..." ಅಂತಿದ್ದ ಹಾಗೇ ಅಜ್ಜಿ ಹಲ್ಲು ಕಿತ್ತು ಅವನ ಅಂಗೈಗೇ ಇಟ್ಲು. ಬಗ್ಗಿ ಮೆಲ್ಲಗೆ, "ಫು... ಫು..." ಅಂದ್ಲು. ಮೊದಲು ಒಂದು ಮೂಗು ಬಂತು. ಆಮೇಲೆ ಜೇಡರ ಬಲೆ ಮೆತ್ತಿದ ಮೀಸೆ. ಆಮೇಲೆ ಪೂರ್ತಿ ಸೆಪಿ ಸರೋಂಗಿಗೆ.

ಎಲ್ಲರೂ ನಕ್ಕರು. ಹಸ್ಮಕ್ಕ ನಗಲಿಲ್ಲ. ಮೆಟ್ಟಿಲ ಮೇಲೆ ಹೋಗಿ ಕೂತ್ಲು. "ಎಂಟು ತಿಂಗಳು, ದಿನಾ ಬೆಳಿಗ್ಗೆ ಅರ್ಧ ಗಂಟೆ, ನಾನೇ ಅದನ್ನ ಹೆದರಿಸಿದ್ದು" ಅಂದ್ಲು. ನನಗೂ ಅವತ್ತು ಜೋಕು ಹೊಳೀಲಿಲ್ಲ.

ಅಜ್ಜಿ ಒಳಗಿಂದ ಕೂಗಿದ್ಲು: "ಹಫ್ಮಾ, ಬೆಕ್ಕು ಇಲ್ಲೇ ಇರುತ್ತೆ. ಹಲ್ಲು ಬೇಕಾದ್ರೆ ನೀ ತಗೊಂಡು ಹೋಗು!" ಮಗ ಮುಖ ಗಂಟು ಹಾಕ್ಕೊಂಡ. ಅಜ್ಜಿಗೆ ಅಂತ ರೆಂದಾಂಗನ್ನ ಒರಳಲ್ಲಿ ಕುಟ್ಟಿದ್ರು.

ಹಲ್ಲು ಈಗ ಖಾಲಿ ಮೈಲೋ ಪುಡಿ ಡಬ್ಬೀಲಿದೆ. ಹಸ್ಮಕ್ಕ ತಂಗಿ ಫ್ಲ್ಯಾಟಿಂದ ಪ್ರತಿ ಶುಕ್ರವಾರ ಮೀನು ತರ್ತಾಳೆ. ಅಜ್ಜಿ ಮನೆ ಬಾಗಿಲಲ್ಲಿ ನಿಂತು ಅಭ್ಯಾಸಬಲಕ್ಕೆ "ಪ್..." ಅಂತ ಶುರು ಮಾಡಿ ತನ್ನ ಬಾಯಿಗೆ ತಾನೇ ಹೊಡ್ಕೋತಾಳೆ. ಆಮೇಲೆ ತುಟಿ ಒಳಗೆ ಎಳ್ಕೊಂಡು, ಹಲ್ಲೆಲ್ಲ ಮುಚ್ಚಿ, ಫು ಫು ಅಂತಾಳೆ. ಸೆಪಿ ದೂರದಿಂದ ನೋಡುತ್ತೆ. ಹತ್ರ ಬರಲ್ಲ. ಮೀನು ಅಲ್ಲೇ ಇಟ್ಟು ಅವಳು ಮೆಟ್ಟಿಲು ಇಳಿದ ಮೇಲೆ ಬಂದು ತಿನ್ನುತ್ತೆ.