ಓದಿ ಹೇಳಲಾಯಿತು, ಸರಿಯಿದೆ

ನನ್ನ ಮಗಳ ವಯಸ್ಸಿನ ಹುಡುಗಿಯೊಬ್ಬಳ ಮೇಲೆ ಹೊಟ್ಟೆಕಿಚ್ಚು ಪಟ್ಟುಕೊಂಡು ನಾನು ಒಂದು ಇಡೀ ವರ್ಷ ಕಳೆದಿದ್ದೇನೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೆ ಊರವರ ಹೇಳಿಕೆಗಳನ್ನೆಲ್ಲ ಬರೆದು ಸಂಬಳ ತಿಂದವನು ನಾನು, ನನ್ನದೂ ಒಂದು ಇರಲಿ.

ವೈಟ್‌ಫೀಲ್ಡ್ ಕಡೆಯ ಒಂದು ಪೊಲೀಸ್ ಠಾಣೆಯಲ್ಲಿ ನಾನು ಹೆಡ್ ಕಾನ್‌ಸ್ಟೆಬಲ್, ರೈಟರ್. ರೈಟರ್ ಎಂದರೆ ದೂರು, ಸಾಕ್ಷಿಗಳ ಹೇಳಿಕೆ, ಮಹಜರು ಎಲ್ಲ ಬರೆಯುವವನು. ಯಾರಿಗೆ ಯಾವತ್ತು ಎಲ್ಲಿ ಡ್ಯೂಟಿ ಎಂದು ಪುಸ್ತಕದಲ್ಲಿ ಹಾಕುವವನೂ ಅವನೇ. ಇನ್‌ಸ್ಪೆಕ್ಟರುಗಳು ಬರುತ್ತಾರೆ, ಹೋಗುತ್ತಾರೆ. ರೈಟರ್ ಕುರ್ಚಿ ಅಷ್ಟು ಸುಲಭವಾಗಿ ಅಲ್ಲಾಡುವುದಿಲ್ಲ. ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಪಿಯುಸಿಗೆ ಸೇರಿ ಇಂಗ್ಲಿಷಿನಲ್ಲಿ ಎರಡು ಸಲ ಫೇಲಾದೆ, ಅಷ್ಟರಲ್ಲಿ ಈ ಕೆಲಸ ಸಿಕ್ಕಿತು, ಪುಸ್ತಕ ಮುಚ್ಚಿದೆ. ಆದರೆ ಬರವಣಿಗೆಯಲ್ಲಿ ನನ್ನನ್ನು ಹಿಡಿಯುವವರು ಇರಲಿಲ್ಲ. ಹತ್ತು ನಿಮಿಷಕ್ಕೆ ಒಂದು ದೂರು. ಎದುರು ಕೂತವರು ಬಾಯಿ ತೆಗೆಯುವ ಮೊದಲೇ ಏನು ನಡೆದಿದೆಯೆಂದು ನನಗೆ ಗೊತ್ತಾಗಿರುತ್ತಿತ್ತು. ಅವರು ಇನ್ನೂ ಅಳುತ್ತಿರುವಾಗಲೇ ನಾನು ಕೊನೆಯ ಸಾಲಿಗೆ ಬಂದಿರುತ್ತಿದ್ದೆ: ‘ಓದಿ ಹೇಳಲಾಯಿತು, ಸರಿಯಿದೆ.’

ಪ್ರತಿ ದೂರಿನ, ಪ್ರತಿ ಹೇಳಿಕೆಯ ಕೊನೆಗೂ ಆ ಸಾಲು ಇರಬೇಕು. ಬರೆದದ್ದನ್ನು ಹೇಳಿದವರಿಗೆ ಓದಿ ಕೇಳಿಸಿದೆವು, ಅವರು ಒಪ್ಪಿದರು ಎಂದು ಅದರ ಅರ್ಥ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ನಾನು ಅದನ್ನು ಬರೆದಿದ್ದೇನೆ. ಒಂದೇ ಒಂದು ಸಲವೂ ಯಾರಿಗೂ ಓದಿ ಹೇಳಿರಲಿಲ್ಲ. ನನಗೆ ಕಲಿಸಿದ ಹಳೆಯ ರೈಟರೂ ಓದಿ ಹೇಳುತ್ತಿರಲಿಲ್ಲ. ಅದು ಕಾಗದದ ಕೊನೆಯಲ್ಲಿ ಬರುವ ಸಾಲು, ಅಷ್ಟೇ ಎಂದುಕೊಂಡಿದ್ದೆ.

ಹೋದ ವರ್ಷ ಈ ಹುಡುಗಿ ಬಂದಳು. ವಿಜಯಪುರದ ಕಡೆಯವಳು, ಹೊಸ ಕಾನ್‌ಸ್ಟೆಬಲ್, ಸಮಾಜಕಾರ್ಯದಲ್ಲಿ ಎಂ.ಎ. ಈಗ ಕಾನ್‌ಸ್ಟೆಬಲ್ ಕೆಲಸಕ್ಕೂ ಡಬಲ್ ಡಿಗ್ರಿಯವರು ಬರುತ್ತಾರೆ, ಅದರಲ್ಲೇನೂ ಹೊಸದಿಲ್ಲ. ಇನ್‌ಸ್ಪೆಕ್ಟರ್ ಅವಳ ಕಡತ ನೋಡಿ ನನ್ನ ಮುಂದೆಯೇ ಹೇಳಿದರು.

“ನೋಡ್ರೀ ರೈಟರೇ, ಎಂ.ಎ. ಮಾಡಿದಾಳೆ. ನಿಮ್ಮ ಟೇಬಲ್ಗೇ ಹಾಕ್ತೀನಿ, ಹೆಲ್ಪ್ ಆಗತ್ತೆ.”

ನನಗೆ ಹೆಲ್ಪ್ ಬೇಕೆಂದು ಯಾರು ಕೇಳಿದ್ದರು? ಆವತ್ತೇ ನನ್ನ ಹೊಟ್ಟೆಯಲ್ಲಿ ಮೊದಲ ಕಡ್ಡಿ ಗೀರಿದಂತಾಯಿತು.

ಮೂರನೆಯ ದಿನ ಒಬ್ಬ ಹೆಂಗಸು ಬಂದಳು. ರಾಯಚೂರು ಕಡೆಯವಳು, ಟೆಕ್ ಪಾರ್ಕಿನಲ್ಲಿ ಹೌಸ್‌ಕೀಪಿಂಗ್ ಕೆಲಸ, ಊರೊಳಗೆ ಸಾಲುಮನೆಯಲ್ಲಿ ಬಾಡಿಗೆಗಿದ್ದಳು. ಮನೆಯ ಮುಂದಿಟ್ಟಿದ್ದ ಗ್ಯಾಸ್ ಸಿಲಿಂಡರ್ ಕಳುವಾಗಿತ್ತು. ರಾತ್ರಿ ಕತ್ತಲಲ್ಲಿ ಕಳ್ಳನನ್ನು ಕಿಟಕಿಯಿಂದ ನೋಡಿದ್ದಳು, ಮುಖ ಕಂಡಿರಲಿಲ್ಲ. ಇಂಥದ್ದಕ್ಕೆಲ್ಲ ನಾನೇಕೆ ಎಂದು ಹುಡುಗಿಗೆ ಕೊಟ್ಟೆ. ಅವಳು ಕೇಳಿದಳು, ಬರೆದಳು, ಮತ್ತೆ ಕೇಳಿದಳು. ಅರ್ಧ ಗಂಟೆಯಾಯಿತು. ಮುಗಿಯಿತು ಎಂದುಕೊಂಡೆ. ಆಗ ಕುರ್ಚಿಯನ್ನು ಆ ಹೆಂಗಸಿನ ಪಕ್ಕಕ್ಕೆ ಎಳೆದುಕೊಂಡು, “ಅಕ್ಕಾ, ಈಗ ನಾ ಓದ್ತೀನ್ರಿ. ತಪ್ಪಿದ್ರ ಅಲ್ಲೇ ತಡೀರಿ,” ಎಂದಳು.

ನಾನು ಪಕ್ಕದ ಟೇಬಲ್ಲಿನವನಿಗೆ ಕಣ್ಣು ಹೊಡೆದೆ. ಅವನು ನಕ್ಕ.

ಅವಳು ಓದುತ್ತಾ ಹೋದಳು. ‘ಅವನು ಗೇಟು ತೆಗೆದು ಒಳಗೆ ಬಂದ’ ಎನ್ನುವಲ್ಲಿಗೆ ಬಂದಾಗ ಹೆಂಗಸು ತಡೆದಳು.

“ಅಂಗಲ್ಲವ್ವ. ಗೇಟಿನ ಕೆಳಗ ಕೈ ಹಾಕಿ ಚಿಲಕ ತೆಗೆದ. ನಮ್ ಗೇಟಿಂದು ಚಿಲಕ ಒಳಗಡೆ ಕೆಳಗ ಐತಿ.”

“ಹೊರಗಿನವ್ರಿಗೆ ಅದು ಗೊತ್ತಾಗ್ತದೇನ್ರಿ?”

ಹೆಂಗಸು, “ಇಲ್ಲವ್ವ, ಯಾರಿಗೂ ಗೊತ್ತಾಗಂಗಿಲ್ಲ,” ಎಂದಳು.

ಅದೇ ಸಂಜೆ ಅದೇ ಸಾಲುಮನೆಯ ಕೊನೆಯ ರೂಮಿನಲ್ಲಿ ಸಿಲಿಂಡರ್ ಸಿಕ್ಕಿತು. ಇನ್‌ಸ್ಪೆಕ್ಟರ್ ಅವಳನ್ನು ಒಳಗೆ ಕರೆಸಿ ಕಾಫಿ ಕೊಡಿಸಿದರು. ಅವರ ಕೊಠಡಿಯಲ್ಲಿ ನನಗೂ ಕಾಫಿ ಸಿಕ್ಕಿದ್ದುಂಟು, ಆದರೆ ಕಡತ ಹಿಡಿದುಕೊಂಡು ನಿಂತೇ ಕುಡಿದದ್ದು. ಅವಳನ್ನು ಕೂರಿಸಿದ್ದರು.

ಕಾಲೇಜಿನಲ್ಲಿ ಇದನ್ನೆಲ್ಲ ಹೇಳಿಕೊಡುತ್ತಾರಾ ಎಂದು ಮಾರನೆಯ ದಿನ ಕೇಳಿದೆ, ಕಾಲೆಳೆಯುವ ಧಾಟಿಯಲ್ಲೇ. ಅವಳಿಗೆ ಅದು ತಿಳಿಯಲಿಲ್ಲ, ಅಥವಾ ತಿಳಿದೂ ಸುಮ್ಮನಿದ್ದಳು. ವಾರಕ್ಕೆ ಎರಡು ದಿನ ಅವರನ್ನು ಹಳ್ಳಿಗಳಿಗೆ ಕಳಿಸುತ್ತಿದ್ದರಂತೆ. ಮನೆಮನೆಗೆ ಹೋಗಿ ಜನರ ಮಾತು ಬರೆದುಕೊಂಡು ಬರಬೇಕು. ಅವರ ಮೇಷ್ಟ್ರು ಆ ನೋಟ್‌ಬುಕ್ಕಿನ ಅಂಚಿನಲ್ಲಿ ಕೆಂಪು ಇಂಕಿನಲ್ಲಿ ‘ಇದು ಅವರ ಮಾತೋ, ನಿನ್ನ ಮಾತೋ?’ ಎಂದು ಬರೆಯುತ್ತಿದ್ದರಂತೆ.

“ಓದಿ ಕೇಳಿಸ್ಲಿಲ್ಲ ಅಂದ್ರ ಮಾರ್ಕ್ಸೇ ಇಲ್ರಿ ಸರ್. ಎರಡು ವರ್ಷ ಬೈಸ್ಕೊಂಡೀನಿ,” ಎಂದು ನಕ್ಕಳು.

ಅವಳು ನಕ್ಕಳು, ನನಗೆ ಉರಿಯಿತು. ನನ್ನ ಒಂದು ಕಾಗದದ ಅಂಚಿನಲ್ಲೂ ಯಾರೂ ಏನೂ ಬರೆದವರಲ್ಲ. ‘ಗುಡ್’ ಎಂದೂ ಇಲ್ಲ, ‘ತಪ್ಪು’ ಎಂದೂ ಇಲ್ಲ. ಸರಿಯಾಗಿ ಬೈಸಿಕೊಳ್ಳುವುದಕ್ಕೂ ಕಾಲೇಜಿಗೆ ಹೋಗಿರಬೇಕು ಎಂದು ಆವತ್ತು ಅನಿಸಿತು. ಇಂಗ್ಲಿಷ್ ಪೇಪರಿನಲ್ಲಿ ಮೂರನೆಯ ಸಲ ಕೂತಿದ್ದರೆ ಏನಾಗುತ್ತಿತ್ತು ಎಂದು ಮನೆಗೆ ಹೋಗುವ ದಾರಿಯಲ್ಲೆಲ್ಲ ಯೋಚಿಸಿದೆ.

ಡ್ಯೂಟಿ ಪುಸ್ತಕ ನನ್ನ ಕೈಯಲ್ಲಿತ್ತಲ್ಲ. ಅವಳನ್ನು ಮಹದೇವಪುರದ ಕಡೆ ಬಂದೋಬಸ್ತಿಗೆ ಹಾಕಿದೆ. ಒಂದು ವಾರ ರಿಂಗ್ ರೋಡಿನ ಮೆಟ್ರೋ ಕಾಮಗಾರಿಯ ಪಕ್ಕ, ಇನ್ನೊಂದು ವಾರ ಯಾರೋ ಗಣ್ಯರು ಬರುವ ಕಂಪನಿಯ ಗೇಟಿನ ಮುಂದೆ. ಬಿಸಿಲು, ಧೂಳು. ಅವಳು ಒಂದು ಮಾತೂ ಆಡದೆ ಟೋಪಿ ಹಾಕಿಕೊಂಡು ಹೋಗುತ್ತಿದ್ದಳು. ಒಂದು ಸಲ ಜಗಳಕ್ಕಾದರೂ ಬಂದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಇತ್ತ ನಮ್ಮ ಠಾಣೆಗೆ ಬರುವ ಜನ ಬಾಗಿಲಲ್ಲೇ ಕೇಳತೊಡಗಿದರು.

“ಓದಿ ಹೇಳೋ ಮೇಡಂ ಇಲ್ವಾ ಸಾರ್ ಇವತ್ತು?”

ಇಷ್ಟು ವರ್ಷದಲ್ಲಿ ನನ್ನನ್ನು ಹಾಗೆ ಹುಡುಕಿಕೊಂಡು ಬಂದವರಿಲ್ಲ. ಬಂದವರೆಲ್ಲ ಆದಷ್ಟು ಬೇಗ ಎದ್ದು ಹೋಗಲು ನೋಡುತ್ತಿದ್ದರು.

ಆಮೇಲೆ ಕೋರ್ಟಿನ ದಿನ ಬಂತು. ಅವಳು ಬರುವ ಮೊದಲಿನ ಕೇಸು ಅದು. ಕಟ್ಟಡದ ಕೆಲಸದ ಶೆಡ್ಡಿನಲ್ಲಿ ಒಬ್ಬ ಮೇಸ್ತ್ರಿ ಕೂಲಿಯವನ ಕೈ ಮುರಿದಿದ್ದ. ನೋಡಿದ ಸಾಕ್ಷಿಗಳು ಮೂವರು. ಮೊದಲನೆಯವಳು ಆ ಶೆಡ್ಡಿನಲ್ಲೇ ಇದ್ದ ಒಬ್ಬ ತಾಯಿ, ಅವಳ ಹೇಳಿಕೆಯನ್ನು ಟೈಪ್ ಮಾಡಿದವನು ನಾನು. ಮಿಕ್ಕ ಎರಡಕ್ಕೂ ಅದನ್ನೇ ಕಾಪಿ ಮಾಡಿ ಹೆಸರು, ವಯಸ್ಸು ಬದಲಿಸಿದ್ದೆ. ನಡೆದದ್ದು ಒಂದೇ ಗಲಾಟೆ, ಮೂರು ಥರ ಯಾಕೆ ಬರೆಯಬೇಕು? ಎಷ್ಟೋ ವರ್ಷದಿಂದ ಹಾಗೇ ನಡೆದುಬಂದಿತ್ತು.

ಆರೋಪಿಯ ವಕೀಲರು ಮೂರೂ ಹೇಳಿಕೆಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟುಕೊಂಡರು. ಕಟಕಟೆಯಲ್ಲಿ ಮೂರನೆಯ ಸಾಕ್ಷಿ, ಯಾದಗಿರಿ ಕಡೆಯ ಗಾರೆ ಕೆಲಸದವನು, ಇಪ್ಪತ್ತು ದಾಟಿರಲಿಲ್ಲ.

“ಗಲಾಟೆ ಆದಾಗ ನೀವು ಶೆಡ್ಡಿನ ಬಾಗಿಲಲ್ಲಿ ಕೂತು ನಿಮ್ಮ ಮಗುವಿಗೆ ಊಟ ಮಾಡಿಸ್ತಾ ಇದ್ರಿ. ಹಾಗಂತ ಪೊಲೀಸರ ಮುಂದೆ ಹೇಳಿದೀರಾ?”

“ನಂದು ಮದುವೀನೇ ಆಗಿಲ್ರಿ ಸಾಹೇಬ್ರ.”

ಕೋರ್ಟಿನಲ್ಲಿ ನಗು ಎದ್ದಿತು. ವಕೀಲರು ನಗಲಿಲ್ಲ.

“ಈ ಹೇಳಿಕೆ ಬರೆದಮೇಲೆ ನಿಮಗೆ ಓದಿ ಹೇಳಿದ್ರಾ?”

“ಇಲ್ರಿ.”

ನಾನು ಕೊನೆಯ ಬೆಂಚಿನಲ್ಲಿ ಕೂತಿದ್ದೆ. ಕೈ ಮುರಿಸಿಕೊಂಡ ಕೂಲಿಯವನು ನನ್ನ ಮುಂದಿನ ಬೆಂಚಿನಲ್ಲೇ ಇದ್ದ. ಅವನು ಹಿಂದಕ್ಕೆ ತಿರುಗಿ ನನ್ನನ್ನು ನೋಡಿದ. ಕೇಸು ಬಿದ್ದುಹೋಯಿತು. ಆ ಹೊತ್ತಿನಲ್ಲಿ ನನಗೆ ಮೊದಲು ನೆನಪಾಗಬೇಕಿದ್ದದ್ದು ಅವನ ಕೈ. ನೆನಪಾದದ್ದು ಮಾತ್ರ ಆ ಹುಡುಗಿ. ಈ ಸುದ್ದಿ ಅವಳ ಕಿವಿಗೆ ಬೀಳುತ್ತದಲ್ಲ ಎಂದು.

ಇನ್‌ಸ್ಪೆಕ್ಟರ್ ಕೂಗಾಡಲಿಲ್ಲ. “ಇನ್ಮೇಲೆ ಹೇಳಿಕೆ ಎಲ್ಲ ಆ ಹುಡುಗಿ ಬರೀಲಿ ರೈಟರೇ. ನೀವು ಕಂಪ್ಯೂಟರಿಗೆ ಏರಿಸಿ,” ಎಂದರು. ಡ್ಯೂಟಿ ಪುಸ್ತಕವೂ ಬೇರೆ ಟೇಬಲ್ಲಿಗೆ ಹೋಯಿತು. ಕುರ್ಚಿ ನನ್ನದೇ ಉಳಿಯಿತು, ಆದರೆ ಅದರಲ್ಲಿ ಕೂತು ಅವಳು ಬರೆದದ್ದನ್ನು ನಾನು ಟೈಪ್ ಮಾಡುತ್ತಿದ್ದೆ. ಮನೆಯಲ್ಲಿ ಇದನ್ನು ಹೇಳಲಿಲ್ಲ. ಅವಳ ಬಗ್ಗೆ ಮಾತ್ರ ದಿನಾ ಹೇಳುತ್ತಿದ್ದೆ: ಕಾಲೇಜು ಮೆಟ್ಟಿಲು ಹತ್ತಿದವರ ಜಂಭ, ಇನ್‌ಸ್ಪೆಕ್ಟರ್ ತಲೆ ಮೇಲೆ ಕೂರಿಸಿಕೊಂಡಿದ್ದಾರೆ, ಹೀಗೆ. ಹೆಂಡತಿ ಸೊಪ್ಪು ಬಿಡಿಸುತ್ತಾ ಕೇಳಿಸಿಕೊಳ್ಳುತ್ತಿದ್ದಳು. ನಡುವೆ ಏನೋ ಹೇಳಲು ಬಾಯಿ ತೆರೆಯುತ್ತಿದ್ದಳು, ನಾನು ಮುಂದಿನದಕ್ಕೆ ಹೋಗಿರುತ್ತಿದ್ದೆ.

ಈ ಮಾರ್ಚಿನಲ್ಲಿ ಒಂದು ಬೆಳಿಗ್ಗೆ ಠಾಣೆಗೆ ಹೋದರೆ ಆ ಹುಡುಗಿಯ ಪಕ್ಕದ ಕುರ್ಚಿಯಲ್ಲಿ ನನ್ನ ಹೆಂಡತಿ ಕೂತಿದ್ದಳು. ಕತ್ತಿನಲ್ಲಿ ಕೆಂಪು ಗೀರು, ಸೆರಗಿನ ಅಂಚು ಹರಿದಿತ್ತು. ಹಾಲು ತರಲು ಹೋದಾಗ ಬೈಕಿನಲ್ಲಿ ಬಂದ ಇಬ್ಬರು ಮಾಂಗಲ್ಯದ ಸರ ಕಿತ್ತುಕೊಂಡು ಹೋಗಿದ್ದರು. ಅಂಗಡಿಯವರ ಆಟೋ ಹತ್ತಿ ಅವಳು ನೇರವಾಗಿ ಇಲ್ಲಿಗೆ ಬಂದಿದ್ದಳು.

“ಫೋನ್ ಮಾಡೋದಲ್ವಾ ನಂಗೆ?” ಎಂದೆ. ಅವಳು ಹುಡುಗಿಯ ಕಡೆ ತಿರುಗಿದಳು.

ಹುಡುಗಿ ಎದ್ದು ನಿಂತು ಬರೆದ ಹಾಳೆಗಳನ್ನು ನನ್ನ ಕೈಗಿಟ್ಟಳು. “ಅವ್ರು ಹೇಳಿದ್ದೆಲ್ಲ ಬರ್ದೀನ್ರಿ ಸರ್, ಒಂದ್ಸಲ ಓದಿ ಕೇಳ್ಸೀನಿ. ನಾ ಇನ್‌ಸ್ಪೆಕ್ಟರ್ ಜೊತಿ ಜಾಗ ನೋಡಾಕ ಹೊಂಟೀನಿ, ಕ್ಯಾಮೆರಾ ಚೆಕ್ ಮಾಡ್ಬೇಕು. ನೀವು ಟೈಪ್ ಮಾಡಿ ಅವ್ರಿಗೆ ಇನ್ನೊಂದ್ಸಲ ಓದಿ, ಸಹಿ ತಗೋರಿ.” ಹೋಗುವಾಗ ನನ್ನ ಹೆಂಡತಿಯ ಭುಜ ಮುಟ್ಟಿದಳು. ನನ್ನ ಹೆಂಡತಿ ಅವಳ ಕೈಯ ಮೇಲೆ ಕೈಯಿಟ್ಟಳು. ಸರ ಹೋದ ಹೊತ್ತಿನಲ್ಲೂ ನನಗೆ ಅದನ್ನು ನೋಡಿ ಹೊಟ್ಟೆ ಉರಿಯಿತು.

ಟೈಪ್ ಮಾಡುತ್ತಾ ಎರಡನೆಯ ಹಾಳೆಗೆ ಬಂದೆ. ಅಲ್ಲಿ ನನ್ನ ಬಗ್ಗೆಯೇ ಒಂದು ಮಾತಿತ್ತು. ಟೈಪ್ ಮಾಡದೆ ಬಿಟ್ಟುಬಿಡಬಹುದಿತ್ತು. ಇಪ್ಪತ್ತು ವರ್ಷದಲ್ಲಿ ಎಷ್ಟೋ ಜನರ ಎಷ್ಟೋ ಸಾಲುಗಳನ್ನು ಕೇಸಿಗೆ ಬೇಡವೆಂದು ಬಿಟ್ಟಿದ್ದೇನೆ. ಹೆಂಡತಿ ಎದುರಿಗೇ ಕೂತು ನನ್ನ ಬೆರಳುಗಳನ್ನು ನೋಡುತ್ತಿದ್ದಳು. ಪೂರ್ತಿ ಟೈಪ್ ಮಾಡಿದೆ. ಪ್ರಿಂಟ್ ತೆಗೆದು ಕುರ್ಚಿಯನ್ನು ಅವಳ ಕಡೆಗೆ ಎಳೆದುಕೊಂಡೆ. ಹೇಗೆ ಶುರು ಮಾಡಬೇಕೆಂದು ಗೊತ್ತಾಗಲಿಲ್ಲ.

“ತಪ್ಪಿದ್ರೆ ಹೇಳು,” ಎಂದೆ.

ಬೈಕಿನ ಬಣ್ಣ ಓದಿದೆ. ಹಿಂದೆ ಕೂತವನ ಅಂಗಿ ಓದಿದೆ. ಒಂದು ಕಡೆ ಅವಳು ತಡೆದು, “ಎಡಗಡೆಯಿಂದ ಬಂದ್ರು,” ಎಂದಳು. ನಾನು ‘ಹಿಂದಿನಿಂದ’ ಎಂದು ಟೈಪ್ ಮಾಡಿದ್ದೆ. ಸರ ಕೀಳುವವರು ಯಾವಾಗಲೂ ಹಿಂದಿನಿಂದ ಬರುತ್ತಾರೆ ಎಂದು ಕೈ ತಾನಾಗಿಯೇ ಹೊಡೆದಿತ್ತು. ತಿದ್ದಿದೆ. ಆಮೇಲೆ ಆ ಸಾಲಿಗೆ ಬಂದೆ.

‘ನನ್ನ ಯಜಮಾನರು ಇದೇ ಠಾಣೆಯಲ್ಲಿದ್ದರೂ ಮೊದಲು ಅವರಿಗೆ ಫೋನ್ ಮಾಡಲಿಲ್ಲ. ನಾನು ಹೇಳುವ ಮೊದಲೇ ನನಗೇನಾಯಿತೆಂದು ಅವರೇ ಹೇಳಿಬಿಡುತ್ತಾರೆ. ಇಲ್ಲಿ ಪೂರ್ತಿ ಕೇಳುವ ಹುಡುಗಿಯೊಬ್ಬಳಿದ್ದಾಳೆಂದು ಅವರ ಮಾತಿನಿಂದಲೇ ತಿಳಿದಿತ್ತು. ಅದಕ್ಕೆ ಬಂದೆ.’

ಓದಿ ಮುಗಿಸಿ ಕಾಗದದಿಂದ ತಲೆ ಎತ್ತಿದೆ.

“ಸರಿಯಿದೆಯಾ?” ಎಂದು ಕೇಳಿದೆ.

“ಸರಿಯಿದೆ,” ಎಂದಳು. ಪೆನ್ನು ಕೇಳಿ ತೆಗೆದುಕೊಂಡು ಸಹಿ ಮಾಡಿದಳು.