ಬಾಯಿಪಾಠದ ಹನ್ನೊಂದು ಹೆಸರು

ಹ್ಯಾರೋಗಿಲ್‌ನ ಕಲ್ಲಿದ್ದಲು ಗಣಿಯ ಬೂದಿಗುಡ್ಡವನ್ನು ಸಲಿಕೆಯಿಂದ ಕೆದರಿ ಸಮ ಮಾಡಿ, ಹೆಗಲ ಮೇಲೆ ಹುಲ್ಲುಹೆಂಟೆ ಹೊತ್ತು ತಂದು ಹಾಸಿ, ಊರಿಗೊಂದು ಫುಟ್‌ಬಾಲ್ ಮೈದಾನ ಮಾಡಿಕೊಟ್ಟವರಲ್ಲಿ ಜೇಬೆಜ್ ಥರ್ಲ್‌ವೆಲ್ ಮೊದಲಿಗ. ಅವನ ಮಗ ಏಮೊಸ್ ಅದೇ ಮೈದಾನದಲ್ಲಿ ಗೋಲ್‌ಕೀಪರ್. ಒಮ್ಮೆ ಆಟ ಶುರುವಾಗಿ ಅರ್ಧ ಗಂಟೆಗೇ ಅವನ ಎರಡು ಬೆರಳು ಮುರಿದವು. ಗಾಯಗೊಂಡವನ ಬದಲಿಗೆ ಇನ್ನೊಬ್ಬನನ್ನು ಇಳಿಸುವ ಪದ್ಧತಿ ಆಗ ಇರಲಿಲ್ಲ. ಬೂಟಿನ ಲಾಡಿಯಿಂದ ಬೆರಳು ಬಿಗಿದುಕೊಂಡು ಕೊನೆಯ ಸೀಟಿಯವರೆಗೂ ನಿಂತ. ಏಮೊಸ್‌ನ ಮಗ ಕ್ಲೆಮ್ ಮೂವತ್ತು ವರ್ಷ ಮೈದಾನದ ಮೈಕಿನಲ್ಲಿ ಆಟಗಾರರ ಹೆಸರು ಕೂಗಿದವನು. ಅವನ ಗಂಟಲಿಗೆ ಗುಡ್ಡದಾಚೆಯ ಕುರಿಗಳೂ ತಲೆ ಎತ್ತುತ್ತಿದ್ದವಂತೆ. ಆ ಕ್ಲೆಮ್‌ನ ಒಬ್ಬಳೇ ಮಗಳು ಮೇವಿಸ್, ಊರಿನ ಪ್ರಾಥಮಿಕ ಶಾಲೆಯ ಟೀಚರು.

ಏಮೊಸ್‌ನದು ಮನೆಯವರಷ್ಟೇ ಬಲ್ಲ ಇನ್ನೊಂದು ಸಂಗತಿಯೂ ಇತ್ತು. ಶನಿವಾರ ಸಂಜೆಯ ಗುಲಾಬಿ ಬಣ್ಣದ ಆಟದ ಪತ್ರಿಕೆಯನ್ನು ಬಿಡಿಸಿ ಹಿಡಿದು, ನೆರೆಹೊರೆಯವರಿಗೆಲ್ಲ ಗಟ್ಟಿಯಾಗಿ ಓದಿ ಹೇಳುತ್ತಿದ್ದ. ನಡುವೆ ಹೆಂಡತಿ ಬಂದು, ತಲೆಕೆಳಗಾಗಿದ್ದ ಪತ್ರಿಕೆಯನ್ನು ಸದ್ದಿಲ್ಲದೆ ತಿರುಗಿಸಿ ಕೊಡುತ್ತಿದ್ದಳು. ಅವನಿಗೆ ಒಂದಕ್ಷರ ಬರುತ್ತಿರಲಿಲ್ಲ. ಮಧ್ಯಾಹ್ನ ತಾನೇ ಆಡಿ ಬಂದ ಆಟವನ್ನು ಹೇಳುತ್ತಿದ್ದ, ಅಷ್ಟೆ.

ಇದೆಲ್ಲ ಗೊತ್ತಿದ್ದೂ ಮೇವಿಸ್ ಮೋಸಹೋದಳು.

ಗಣಿ ಮುಚ್ಚಿದ ಮೇಲೆ ಆ ಶಾಲೆಯ ಮಕ್ಕಳಿಗೆ ಪುಸ್ತಕ ಎಂದರೆ ಬೇವಿನ ಕಷಾಯ. ಆದರೆ ಆಟ ಎಂದರೆ ಕಿವಿ ನಿಮಿರುತ್ತಿತ್ತು. ಅದನ್ನು ಕಂಡು ಮೇವಿಸ್ ಪಂದ್ಯದ ದಿನ ಗೇಟಿನಲ್ಲಿ ಸಿಗುವ, ಆಟಗಾರರ ಹೆಸರು ಅಚ್ಚಾದ ಪುಸ್ತಿಕೆಗಳನ್ನೇ ತಂದು ಓದಿಸಿದಳು. ಸೋಮವಾರ ಬಂತೆಂದರೆ ಶನಿವಾರದ ಆಟವನ್ನು ಮಕ್ಕಳಿಂದಲೇ ಬರೆಸುತ್ತಿದ್ದಳು. ಕೆಲ್ಸಿ ರೇನ್ ಎಂಬ ಹತ್ತು ವರ್ಷದ ಹುಡುಗಿ ತಾತನ ಆಸರೆಯಲ್ಲಿ ಬೆಳೆದವಳು, ಒಂದು ಪಂದ್ಯವನ್ನೂ ಬಿಟ್ಟವಳಲ್ಲ. ನಾಲ್ಕು ವರ್ಷ ಬೆಂಚಿಗೆ ತಲೆ ಕೊಟ್ಟು ಮಲಗಿದ್ದವಳು ಪುಸ್ತಿಕೆ ಕೈಗೆ ಬಂದದ್ದೇ ತಡ, ನೀರು ಕುಡಿದ ಹಾಗೆ ಓದತೊಡಗಿದಳು. ಬರೆಯುವ ಹೊತ್ತಿಗೆ ಮಾತ್ರ ಗೋಲಿನ ಚಿತ್ರ ಬಿಡಿಸಿ, ಪಕ್ಕದವಳ ಕೈಯಲ್ಲಿ ಬರೆಸುತ್ತಿದ್ದಳು. ಮೇವಿಸ್ ಅದನ್ನು ಕಂಡೂ ಕಾಣಲಿಲ್ಲ. ಸಂತೋಷದಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಜುಲೈ ಕಳೆದರೆ ಕೆಲ್ಸಿ ಪಟ್ಟಣದ ದೊಡ್ಡ ಶಾಲೆಗೆ ಹೋಗಬೇಕು. ಅಲ್ಲಿ ಸಾವಿರ ಮಕ್ಕಳ ನಡುವೆ ಅಕ್ಷರ ಬಾರದವಳನ್ನು ಕೂರಿಸಿಕೊಂಡು ಕಲಿಸುವವರು ಯಾರೂ ಇರುವುದಿಲ್ಲ. ಈ ಒಂದು ಜೀವ ದಡ ಸೇರಿತು ಎಂದು ಮೇವಿಸ್ ನಂಬಿದ್ದಳು.

ಏಪ್ರಿಲ್‌ನ ಕೊನೆಯ ಪಂದ್ಯಕ್ಕೆ, ಕ್ಲೆಮ್ ಕೂರುತ್ತಿದ್ದ ಮೈಕಿನ ಗೂಡಿನಲ್ಲೇ ಕೆಲ್ಸಿಯಿಂದ ಹೆಸರು ಕೂಗಿಸಲು ಮೇವಿಸ್ ಒಪ್ಪಿಗೆ ತಂದಳು. ಎದುರಾಳಿ ಸ್ಟೇನ್‌ಬೆಕ್ ತಂಡ. ಅಕ್ಟೋಬರ್‌ನಲ್ಲಿ ಕಪ್ ಪಂದ್ಯಕ್ಕೆ ಬಂದಿದ್ದವರೂ ಅವರೇ. ಆ ಪಂದ್ಯದ ಪುಸ್ತಿಕೆಯನ್ನು ಮೇವಿಸ್ ಎರಡು ತಿಂಗಳು ತರಗತಿಯಲ್ಲಿ ಓದಿಸಿದ್ದಳು.

"ಯಾಕೇ ಪುಟ್ಟಿ, ಮುದುರ್ಕೊಂಡು ಕೂತೆ?"

"ಚಳಿ, ಮಿಸ್."

ಕಾರ್ಯದರ್ಶಿ ಎರಡೂ ತಂಡದ ಹೆಸರು ಬರೆದ ಹಾಳೆ ಕೊಟ್ಟು ಹೋದ. ಊರಿನ ಹನ್ನೊಂದು ಹೆಸರು ಗಣಗಣ ಬಂದವು. ಕೆಳಗೆ ಒಬ್ಬ ಮುದುಕ, "ಕ್ಲೆಮ್ ಸತ್ತಮೇಲೆ ಇವತ್ತೇ ನೋಡು ನನ್ನ ಕಿವಿಗೆ ಕೆಲಸ ಬಂದಿದ್ದು!" ಎಂದ. ಆಮೇಲೆ ಸ್ಟೇನ್‌ಬೆಕ್ ತಂಡ.

"ಒಂದನೇ ನಂಬರು, ನೀಲ್ ಸ್ಪ್ರೋಟ್."

ಕೂತಿದ್ದವರೆಲ್ಲ ಗೂಡಿನ ಕಡೆ ತಿರುಗಿದರು. ನೀಲ್ ಸ್ಪ್ರೋಟ್ ಜನವರಿಯಲ್ಲಿ ಮಂಜುಗಟ್ಟಿದ ರಸ್ತೆಯಲ್ಲಿ ಬೈಕು ಜಾರಿ ಸತ್ತಿದ್ದ. ಅವನ ಅಪ್ಪ ಅಲ್ಲೇ ಮೂರನೇ ಸಾಲಿನಲ್ಲಿ ಕೂತು ಫ್ಲಾಸ್ಕಿನಿಂದ ಟೀ ಬಗ್ಗಿಸುತ್ತಿದ್ದ.

"ಯಾರೋ ಅದು, ಸತ್ತವನನ್ನ ಆಟಕ್ಕೆ ಕರೀತಿರೋದು?" ಎಂದು ಯಾರೋ ಕೂಗಿದರು. ಕೆಲ್ಸಿ ನಿಲ್ಲಿಸಲಿಲ್ಲ. ಅಕ್ಟೋಬರ್‌ನ ಹನ್ನೊಂದು ಹೆಸರನ್ನೂ ಒಪ್ಪಿಸಿಯೇ ಬಾಯಿ ಮುಚ್ಚಿದಳು. ಮೇವಿಸ್ ನೋಡಿದಳು: ಹುಡುಗಿಯ ಕಣ್ಣು ಹಾಳೆಯ ಮೇಲಿರಲಿಲ್ಲ, ಗೋಡೆಯ ಮೇಲಿತ್ತು. ಸ್ಪ್ರೋಟ್‌ನ ಅಪ್ಪ ಫ್ಲಾಸ್ಕಿನ ಮುಚ್ಚಳ ತಿರುಗಿಸಿ, ಆಟ ಶುರುವಾಗುವ ಮೊದಲೇ ಎದ್ದು ಹೋದ. ಮೇವಿಸ್ ಗೇಟಿನವರೆಗೆ ಓಡಿದಳು. ಅವನು ತಿರುಗಿ ನೋಡಲಿಲ್ಲ.

ಗೂಡಿಗೆ ಮರಳಿ ಬಂದು ಕೇಳಿದಳು, "ಕೆಲ್ಸಿ, ಸ್ಟೇನ್‌ಬೆಕ್‌ನವರ ಮೊದಲನೇ ಹೆಸರು ಏನಂತ ಬರೆದಿದೆ ಇದ್ರಲ್ಲಿ?"

ಹುಡುಗಿ ಬೂಟಿನ ತುದಿಯಿಂದ ನೆಲ ಕೆರೆದಳು. "ನೀವು ಓದಿಸಿದ್ರಲ್ಲ ಮಿಸ್, ಅದೇ. ತಾತ ಮನೇಲಿ ಹತ್ತು ಸಲ ಓದ್ತಾನೆ, ನಾನು ಮನಸ್ಸಲ್ಲಿ ಇಟ್ಕೊಳ್ತೀನಿ."

"ಹಂಗಾದ್ರೆ ನಿಂಗೆ ಓದೋಕೆ ಬರಲ್ವಾ?"

"ಆಟ ನೋಡಿದ್ರೆ ಬರತ್ತೆ."

ಮೇವಿಸ್‌ಗೆ ಅಜ್ಜನ ಕೈಯ ತಲೆಕೆಳಗಾದ ಪತ್ರಿಕೆ ನೆನಪಾಯಿತು. ಅಜ್ಜಿ ಅದನ್ನು ತಿರುಗಿಸಿಯಾದರೂ ಕೊಡುತ್ತಿದ್ದಳು. ತಾನು ಅಷ್ಟನ್ನೂ ಮಾಡಲಿಲ್ಲ. ಸತ್ತವನ ಹೆಸರನ್ನು ಎರಡು ತಿಂಗಳು ಆ ಬಾಯಿಗೆ ತುಂಬಿದವಳು ತಾನೇ.

ಸೋಮವಾರ, ಯಾರೂ ನೋಡದ ದೂರದ ಊರಿನ ಪಂದ್ಯದ ವರದಿಯೊಂದನ್ನು ತಂದು ಒಬ್ಬೊಬ್ಬರಿಗೂ ಕೊಟ್ಟಳು. ಹದಿನೇಳು ಮಕ್ಕಳು ತಡವರಿಸುತ್ತಾದರೂ ಓದಿದರು. ಎಂಟು ಮಂದಿ ಅಲ್ಲಲ್ಲಿ ಸಿಕ್ಕಿಬಿದ್ದರು. ಕೆಲ್ಸಿ ಮಾತ್ರ ಮೊದಲ ಪದದ ಮೇಲೆ ಬೆರಳಿಟ್ಟವಳು ಎತ್ತಲೇ ಇಲ್ಲ. ಶಾಲೆ ಬಿಟ್ಟ ಮೇಲೆ ಅವಳನ್ನು ಮುಂದಿನ ಬೆಂಚಿನಲ್ಲಿ ಕೂರಿಸಿಕೊಂಡು ಮೇವಿಸ್ ಅಕ್ಷರಮಾಲೆಯಿಂದ ಶುರುಮಾಡಿದಳು. ಗಂಟೆ ಕಳೆಯುವುದರಲ್ಲಿ ಹುಡುಗಿ ಮಾಲೆಯನ್ನೇ ಬಾಯಿಪಾಠ ಮಾಡಿಟ್ಟಿದ್ದಳು. ಒಂದು ಅಕ್ಷರವನ್ನು ಬಿಡಿಯಾಗಿ ತೋರಿಸಿದರೆ ಗೋಡೆ ನೋಡುತ್ತಿದ್ದಳು.

ಹೆಡ್‌ಮಾಸ್ಟರ್ ಟೆಲ್ಫರ್ ಬಾಗಿಲಲ್ಲಿ ನಿಂತು ನೋಡಿ, ಮೇವಿಸ್‌ಳನ್ನು ಹೊರಗೆ ಕರೆದ.

"ಇನ್ನು ಉಳಿದಿರೋದು ಹತ್ತೇ ವಾರ, ಮೇವಿಸ್. ನಿನ್ನಿಂದಾಗಲ್ಲ. ಶಿಕ್ಷಣ ಕಚೇರಿಯಿಂದ ಓದು ಕಲಿಸೋ ಒಬ್ಬ ಟೀಚರನ್ನ ಕಳಿಸ್ತಾರೆ, ಹುಡುಗೀನ ಅವಳ ಕೈಗೆ ಕೊಟ್ಟುಬಿಡು. ಯಾರೂ ನಿನ್ನ ಬೈಯಲ್ಲ."

ಮೇವಿಸ್ ಬಾಗಿಲನ್ನು ಅರ್ಧ ಮುಚ್ಚಿದಳು.

"ಬೇಡ ಮೇಷ್ಟ್ರೇ. ಹೊಸಬಳ ಮುಂದೆ ಈ ಹುಡುಗಿ ಇನ್ನೊಂದು ಬಾಯಿಪಾಠ ಒಪ್ಪಿಸ್ತಾಳೆ, ಅವಳೂ ನನ್ ಥರಾನೇ ಕಣ್ಣೊರೆಸ್ಕೊಂಡು ಹೋಗ್ತಾಳೆ. ಇವಳ ಆಟ ಈಗ ನಂಗೊಬ್ಬಳಿಗೇ ಗೊತ್ತು. ಗೋಲು ಬಿಟ್ಟವಳು ನಾನು, ಬಲೆಯೊಳಗಿನ ಚೆಂಡು ನಾನೇ ತೆಗೀತೀನಿ. ಆಗದೇ ಹೋದ್ರೆ, ಆಗ್ಲಿಲ್ಲ ಅಂತ ಅವಳ ತಾತನ ಬಾಗಿಲಿಗೆ ನಾನೇ ಹೋಗಿ ಹೇಳ್ತೀನಿ. ನಿಮ್ಮ ಟೀಚರಿಗೆ ಬರೋದು ಬೇಡ ಅಂತ ಹೇಳ್ಬಿಡಿ."