ಬೀಸದ ಬಲಗೈ

ಸ್ಟವ್ ಮೇಲೆ ಕುದಿಯುವ ನೀರಿನಲ್ಲಿ ಗಾಜಿನ ಸಿರಿಂಜುಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎನ್ನುತ್ತಿದ್ದವು. ಪುತ್ತೂರಿನ ಆ ಖಾಸಗಿ ಆಸ್ಪತ್ರೆಯಲ್ಲಿ ನನ್ನ ದಿನ ಶುರುವಾಗುತ್ತಿದ್ದುದು ಆ ಸದ್ದಿನಿಂದ. 1961ರಲ್ಲಿ ನಾನು ಅಲ್ಲಿ ಸೀನಿಯರ್ ಸ್ಟಾಫ್ ನರ್ಸ್. ಇಪ್ಪತ್ತು ಹಾಸಿಗೆ, ಒಬ್ಬರು ಡಾಕ್ಟರ್, ನಾವು ಮೂವರು ನರ್ಸುಗಳು. ಮಂಗಳೂರಿನ ಕಾನ್ವೆಂಟಿನಲ್ಲಿ ಓದಿದವಳೆಂಬ ಹಮ್ಮು ನನಗಿತ್ತು. ಕೇಸ್ ಶೀಟನ್ನು ತಪ್ಪಿಲ್ಲದ ಇಂಗ್ಲಿಷಿನಲ್ಲಿ ಬರೆಯುತ್ತಿದ್ದವಳು ನಾನೊಬ್ಬಳೇ.

ಸುಳ್ಯ ಕಡೆಯ ಕುಸುಮ ನನಗಿಂತ ಆರು ವರ್ಷ ಚಿಕ್ಕವಳು, ಕನ್ನಡ ಮೀಡಿಯಂ. ಆದರೆ ರೋಗಿಗಳಿಗೆ ಅವಳೇ ಬೇಕು. "ಕುಸುಮಕ್ಕ ಬರಲಿ, ಅವರು ಚುಚ್ಚಿದ್ದು ಗೊತ್ತೇ ಆಗುದಿಲ್ಲ" ಎಂದು ನನ್ನ ಮುಖಕ್ಕೇ ಹೇಳುತ್ತಿದ್ದರು. ನಾನು ಎಲ್ಲರಿಗೂ ಸಿಸ್ಟರ್, ಅವಳು ಅಕ್ಕ. ನನ್ನೊಳಗಿನ ಉರಿಯನ್ನು ಆಗ ನಾನು ಡಿಸಿಪ್ಲಿನ್ ಎಂದು ಕರೆದುಕೊಂಡೆ. ಜೂನಿಯರುಗಳು ಡಾಕ್ಟರೊಡನೆ ನೇರವಾಗಿ ಮಾತಾಡಬಾರದು, ಏನಿದ್ದರೂ ಸೀನಿಯರ್ ಮೂಲಕ ಹೋಗಬೇಕು ಎಂಬುದು ಅಲ್ಲಿನ ಪದ್ಧತಿ. ಅದನ್ನು ನಾನು ಬಹಳ ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದೆ.

ಆ ಡಿಸೆಂಬರಿನಲ್ಲಿ ಕಡಬದ ಮೋನಪ್ಪ ಎಂಬವರು ಫಿಟ್‌ನೆಸ್ ಸರ್ಟಿಫಿಕೇಟಿಗೆ ಬಂದರು. ಮಿಲಿಟರಿಯಿಂದ ಬಿಡುಗಡೆಯಾಗಿ ಬಂದವರು, ನಲವತ್ತರ ಆಸುಪಾಸು. ಪುತ್ತೂರು–ಕಡಬ ಲೈನಿನ ಬಸ್ಸಿಗೆ ಡ್ರೈವರ್ ಕೆಲಸ ಸಿಕ್ಕಿತ್ತು. ಸೋಮವಾರದೊಳಗೆ ಸರ್ಟಿಫಿಕೇಟ್ ಕೊಡದಿದ್ದರೆ ಕೆಲಸ ಬೇರೆಯವರ ಪಾಲು. ಅವರು ವರಾಂಡದಲ್ಲಿ ನಡೆದು ಬರುವಾಗ ನನ್ನ ಕಣ್ಣಿಗೆ ಒಂದು ಸಂಗತಿ ಬಿತ್ತು. ಎಡಗೈ ಚೆನ್ನಾಗಿ ಬೀಸುತ್ತಿತ್ತು, ಬಲಗೈ ಮಾತ್ರ ಸೊಂಟದ ಬಳಿ ಅಂಟಿಕೊಂಡಂತೆ ನಿಂತಿತ್ತು. ಒಂದು ಕೈಯ ಆರ್ಮ್ ಸ್ವಿಂಗ್ ಇಲ್ಲವಾಗುವುದು ಪಾರ್ಕಿನ್ಸನ್ಸ್ ಎಂಬ ನಡುಕದ ಕಾಯಿಲೆಯ ಮೊದಲ ಲಕ್ಷಣವಾಗಿರಬಹುದೆಂದು ಓದಿದ್ದೆ. ಡಾಕ್ಟರಿಗೆ ಹೇಳಿದೆ.

"ಗುಡ್ ಐ, ಸಿಸ್ಟರ್" ಎಂದು ನನ್ನ ಕಣ್ಣನ್ನು ಮೆಚ್ಚಿದರು. ಕೈ ಮಡಚಿ ಬಿಡಿಸಿ ನೋಡಿದರು. ಭುಜ ಸ್ವಲ್ಪ ಬಿಗಿ. ಕಾಯಿಲೆಯ ಆರಂಭವೇ ಇರಬಹುದು, ಮಂಗಳೂರಿನ ದೊಡ್ಡ ಡಾಕ್ಟರು ನೋಡುವ ತನಕ ಬಸ್ಸು ಕೊಡುವಂತಿಲ್ಲ ಎಂದರು. ಹೊರಗೆ ಬೆಂಚಿನಲ್ಲಿ ಅವರ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡರು. ನಿಜ ಹೇಳಬೇಕೆಂದರೆ, ಆ ಹೊತ್ತು ನನಗೆ ಕೇಳುತ್ತಿದ್ದುದು 'ಗುಡ್ ಐ' ಒಂದೇ.

ಸಂಜೆ ಕುಸುಮ ನನ್ನ ಹತ್ತಿರ ಬಂದಳು.

"ಸಿಸ್ಟರ್, ಅದು ಸೀಕು ಅಲ್ಲ."

"ಎಂತ ಗೊತ್ತುಂಟು ನಿನಗೆ?"

"ಅವರ ಹೆಂಡತಿ ಹೇಳಿದ್ರು, ಅವರು ಮಿಲಿಟರಿ ಪೊಲೀಸು. ಹದಿಮೂರು ವರ್ಷ ಬಲ ಸೊಂಟಕ್ಕೆ ರಿವಾಲ್ವರ್ ಕಟ್ಟಿಕೊಂಡು ತಿರುಗಿದ್ದಂತೆ. ಕೈ ಅದರ ಹತ್ತಿರವೇ ಇರ್ಬೇಕು, ದೂರ ಹೋದರೆ ಕಲಿಸುವವನು ಮೊಣಕೈಗೆ ಬೆತ್ತದಲ್ಲಿ ಬಾರಿಸುದಂತೆ. ನಮ್ಮ ಅಪ್ಪನೂ ಮಿಲಿಟರಿಯಲ್ಲಿದ್ದವರು, ಅವರದ್ದೂ ಹಾಗೆಯೇ. ಬಂದೂಕಿನ ಪಟ್ಟಿ ಹಿಡಿದು ಹಿಡಿದು ಈಗಲೂ ಬಲಗೈ ಬೀಸುದಿಲ್ಲ. ಅಮ್ಮ ತಮಾಷೆ ಮಾಡ್ತಾರೆ, ಆ ಕೈ ಪೆನ್ಷನ್ ತಗೊಂಡಿದೆ ಅಂತ."

ನನಗೆ ನಗು ಬರಲಿಲ್ಲ.

"ಪರೇಡ್ ಮಾಡಿಸಿ ನೋಡಿ ಸಿಸ್ಟರ್. ಆಗ ಕೈ ತನ್ನಷ್ಟಕ್ಕೆ ಬೀಸ್ತದೆ. ಡಾಕ್ಟ್ರಿಗೆ ಹೇಳ್ತೀರಲ್ಲ?"

"ನೋಡುವ" ಎಂದೆ. ಎರಡು ದಿನ ಹೇಳಲಿಲ್ಲ. ಪುಸ್ತಕದಲ್ಲಿ ಇಲ್ಲದ್ದನ್ನು ಇವಳು ಹೇಗೆ ಕಂಡಳು, ಅವಳಿಗೇ ಯಾಕೆ ಎಲ್ಲವೂ ಸುಲಭ ಎಂದು ಕುದಿಯುತ್ತಿದ್ದೆ.

ಶನಿವಾರ ಮೋನಪ್ಪ ಮತ್ತೆ ಬಂದು ಗೇಟಿನ ಬಳಿ ನಿಂತರು. ಒಳಗೆ ಬರಲೂ ಸಂಕೋಚ. ಆಗ ನನಗೆ ತಡೆಯಲಾಗಲಿಲ್ಲ. ಡಾಕ್ಟರ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದೆ: ರಿವಾಲ್ವರ್, ಬೆತ್ತ, ಪರೇಡ್. ಕುಸುಮಳ ಹೆಸರೊಂದನ್ನು ಬಿಟ್ಟು. "ಸರ್, ಐ ಹ್ಯಾವ್ ಬೀನ್ ಥಿಂಕಿಂಗ್" ಎಂದೇ ಮಾತು ತೆಗೆದಿದ್ದೆ.

ಡಾಕ್ಟರು ಮೋನಪ್ಪರಿಂದ ಹೆಸರು ಬರೆಸಿದರು, ಆ ಕಾಯಿಲೆಯಲ್ಲಿ ಆಗುವಂತೆ ಅಕ್ಷರ ಕಿರಿದಾಗಲಿಲ್ಲ. ಸೂಜಿಗೆ ದಾರ ಪೋಣಿಸಲು ಹೇಳಿದರು, ನಡುಕವಿಲ್ಲ. ಭುಜದ ಬಿಗಿತ ಹಳೆಯ ಪೆಟ್ಟಿನದ್ದೆಂದು ಕೇಳಿ ತಿಳಿಯಿತು. ಕೊನೆಗೆ ವರಾಂಡದಲ್ಲಿ ನಿಲ್ಲಿಸಿ "ಕ್ವಿಕ್ ಮಾರ್ಚ್!" ಎಂದು ಕೂಗಿದರು. ಮೋನಪ್ಪರ ಬಲಗೈ ಭುಜದ ಎತ್ತರಕ್ಕೆ ಹೋಗಿ ಬಂತು. ವಾರ್ಡಿನವರೆಲ್ಲ ಚಪ್ಪಾಳೆ ತಟ್ಟಿದರು.

"ಬ್ರಿಲಿಯಂಟ್, ಸಿಸ್ಟರ್!"

ಟ್ರೇ ಹಿಡಿದು ನಿಂತಿದ್ದ ಕುಸುಮ ನನ್ನ ಮುಖ ನೋಡಿದಳು. ಟ್ರೇ ಒಳಗಿಟ್ಟು ಬಂದು, ನಿಧಾನವಾಗಿ ಮುಂದಿನ ರೋಗಿಯ ಬ್ಯಾಂಡೇಜ್ ಬಿಚ್ಚತೊಡಗಿದಳು. ಅವಳ ಆ ಸಮಾಧಾನಕ್ಕೂ ನನಗೆ ಹೊಟ್ಟೆಕಿಚ್ಚಾಯಿತು ಎಂದರೆ ನೀವು ನಂಬಬೇಕು.

ಡಾಕ್ಟರು ಬರೆದ ಶಿಫಾರಸಿನಿಂದ ಮುಂದಿನ ವರ್ಷ ನನಗೆ ಮಂಗಳೂರಿನಲ್ಲಿ ನರ್ಸುಗಳಿಗೆ ಕಲಿಸುವ ಟ್ಯೂಟರ್ ಕೆಲಸ ಸಿಕ್ಕಿತು. ಅಲ್ಲಿ ನಾನು ಒಂದು ನಿಯಮ ತಂದೆ: ಲಕ್ಷಣವನ್ನು ಮೊದಲು ಕಂಡವರ ಹೆಸರನ್ನು ಕೇಸ್ ಶೀಟಿನಲ್ಲಿ ಬರೆಯಬೇಕು, ಆಯಾ ಆಗಿದ್ದರೂ ಸರಿ. ರೋಗಿಯ ಜೀವನ ನಿಂತಿರುವುದು ಯಾರದೋ ಒಂದು ನೋಟದ ಮೇಲೆ. ಅದನ್ನು ಮೇಲಿನವರು ತಡೆದಿಟ್ಟರೂ ತಪ್ಪು, ಕದ್ದರೂ ತಪ್ಪು. ನಾನು ಎರಡನ್ನೂ ಮಾಡಿದ್ದೆ. ಈ ನಿಯಮ ಎಲ್ಲಿಂದ ಬಂತೆಂದು ವಿದ್ಯಾರ್ಥಿನಿಯರಿಗೆ ಮಾತ್ರ ಹೇಳಲಿಲ್ಲ.

ಪುತ್ತೂರು ಬಿಡುವ ದಿನ ಕುಸುಮ ನನ್ನ ಟ್ರಂಕ್ ಹೊತ್ತು ಬಸ್ ಸ್ಟ್ಯಾಂಡಿಗೆ ಬಂದಳು. ಕಡಬದ ಬಸ್ಸಿನಿಂದ ಖಾಕಿ ಶರ್ಟಿನ ಮೋನಪ್ಪ ಇಳಿದು ಬಂದು ಕೈಮುಗಿದರು, ನನಗೆ.

"ನೀವು ನನ್ನ ಅನ್ನ ಉಳಿಸಿದ್ರಿ ಸಿಸ್ಟರ್."

ಆಗಲಾದರೂ ಹೇಳಬಹುದಿತ್ತು. ಕುಸುಮ ನಗುತ್ತಾ, "ನಮ್ಮ ಸಿಸ್ಟರ ಕಣ್ಣು ಭಾರೀ ಚುರುಕು ಮಾರಾಯ್ರೆ" ಎಂದಳು. ಅದು ಪ್ರೀತಿಯೋ ಚುಚ್ಚು ಮಾತೋ, ನನಗೆ ಇಂದಿಗೂ ತಿಳಿದಿಲ್ಲ. ಮಧ್ಯಾಹ್ನ ಎರಡು ಗಂಟೆಯ ಡ್ಯೂಟಿಗೆ ತಡವಾಯಿತೆಂದು ಟ್ರಂಕನ್ನು ನನ್ನ ಕಾಲ ಬಳಿ ಇಟ್ಟು ಬೇಗಬೇಗ ಹೊರಟಳು. ನಾನು ಅವಳನ್ನು ಕಂಡದ್ದು ಅದೇ ಕೊನೆ.